ಕಲ್ಲಿನಡಿಯ ಸಾಕ್ಷಿ

ಕ್ರೀಸ್‌ಮಾಟನ್ನು ಯಾರಾದರೂ ಪಟ್ಟಣ ಎಂದರೆ ಮಿರ್ತಾ ಗೀಸಿನ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಬಾಸೆಲ್‌ನಲ್ಲಿ ಟ್ರಾಮು ಹತ್ತಿದರೆ ಪತ್ರಿಕೆ ಓದಿ ಮುಗಿಸುವುದರೊಳಗೆ ಇಳಿಯಬಹುದಾದ ಊರು ಅದು. ಈಜುಕೊಳವಿತ್ತು, ಸೂಪರ್ ಮಾರ್ಕೆಟ್ಟುಗಳಿದ್ದವು, ಔಷಧ ಕಂಪನಿಯ ಗಾಜಿನ ಕಚೇರಿಯಿತ್ತು, ಎಂಟೆಂಟು ಮಹಡಿಯ ಮನೆಗಳ ಸಾಲಿತ್ತು. ಜನಸಂಖ್ಯೆ ಹತ್ತು ಸಾವಿರ ದಾಟಿದ ವರ್ಷ ಸರ್ಕಾರದ ಲೆಕ್ಕದಲ್ಲಿ ಅದು ಪಟ್ಟಣವೇ ಆಗಿಹೋಯಿತು. ಊರಿನವರು ಬಿಟ್ಟಾರೆಯೇ? ಗ್ರಾಮಸಭೆ ಸೇರಿಸಿದರು, ಲೆಕ್ಕ ಏನಾದರೂ ಹೇಳಿಕೊಳ್ಳಲಿ, ನಾವು ಹಳ್ಳಿಯವರೇ ಎಂದು ಕೈಯೆತ್ತಿ ತೀರ್ಮಾನ ಮಾಡಿದರು. ಆವತ್ತು ಎಲ್ಲರಿಗಿಂತ ಮೊದಲು ಮೇಲೆದ್ದ ಕೈ ಮಿರ್ತಾಳದು.

ಮಿರ್ತಾ ಆ ಊರಿನ ಗಡಿಪಂಚರ ಹಿರಿಯಳು. ಗಡಿಪಂಚರು ಎಂದರೆ ಐದು ಜನ. ಊರಿಗೂ ಊರಿಗೂ ನಡುವೆ, ಹೊಲಕ್ಕೂ ಹೊಲಕ್ಕೂ ನಡುವೆ ಗಡಿಕಲ್ಲು ನೆಡುವುದು ಅವರ ಕೆಲಸ. ನೆಡುವ ಮೊದಲು ಗುಂಡಿಯ ತಳದಲ್ಲಿ ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಒಂದು ಬಗೆಯಲ್ಲಿ ಜೋಡಿಸಿ ಮೇಲೆ ಕಲ್ಲು ನಿಲ್ಲಿಸುತ್ತಾರೆ. ಆ ಬಿಲ್ಲೆಗಳಿಗೆ ಸಾಕ್ಷಿ ಎಂದು ಹೆಸರು. ಯಾವ ಬಗೆಯಲ್ಲಿ ಜೋಡಿಸುತ್ತಾರೆ ಎಂಬುದು ಐವರಿಗೆ ಬಿಟ್ಟು ನರಪಿಳ್ಳೆಗೂ ಗೊತ್ತಿಲ್ಲ. ಹಿಂದೆ ಆಸೆಬುರುಕರು ಯಾರೋ ಕಲ್ಲನ್ನು ಪಕ್ಕದವನ ಹೊಲದೊಳಕ್ಕೆ ಸರಿಸಿ ಮಳ್ಳರ ಹಾಗೆ ಕೂತರೆ, ಪಂಚರು ಬಂದು ಅಗೆಯುತ್ತಿದ್ದರು. ಅಡಿಯಲ್ಲಿ ಸಾಕ್ಷಿ ಇಲ್ಲದಿದ್ದರೆ ಕಲ್ಲು ಸುಳ್ಳು ಹೇಳುತ್ತಿದೆ ಎಂದೇ ಅರ್ಥ. ಗುಟ್ಟನ್ನು ಎಲ್ಲಿಯೂ ಬರೆದಿಡುವಂತಿಲ್ಲ. ಪ್ರಮಾಣ ಮಾಡಿದವರ ಕಿವಿಯಲ್ಲಿ ಹಿರಿಯರು ಹೇಳಬೇಕು, ಕೇಳಿದವರು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಯಬೇಕು.

ಈಗ ಆಕಾಶದಲ್ಲಿ ಉಪಗ್ರಹಗಳಿವೆ, ಬೆರಳಗಲ ಭೂಮಿಯನ್ನೂ ಅವು ಅಳೆದುಕೊಡುತ್ತವೆ, ಇದೆಲ್ಲ ಯಾಕೆ ಎಂದು ಹೊಸಬರು ಕೇಳುತ್ತಾರೆ. ಮಿರ್ತಾ ಅದಕ್ಕೆ ಉತ್ತರ ಕೊಡುವ ಗೋಜಿಗೇ ಹೋಗುತ್ತಿರಲಿಲ್ಲ. ಅವಳನ್ನು ಪಂಚಳನ್ನಾಗಿ ಮಾಡುವಾಗಲೇ ಎಷ್ಟು ರಂಪವಾಗಿತ್ತು. ಹೆಂಗಸಿಗೆ ಗುಟ್ಟು ಹೇಳುವುದೂ ಒಂದೇ, ಚರ್ಚಿನ ಗಂಟೆ ಬಾರಿಸುವುದೂ ಒಂದೇ ಎಂದು ಗಂಡಸರು ಬಿಯರಿನ ಲೋಟ ಹಿಡಿದು ನಕ್ಕಿದ್ದರು. ಅವಳ ಗಂಡ ಎಮಿಲ್ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ, "ಈಗಲಾದ್ರೂ ಹೇಳೇ, ನಾನಿನ್ನು ಯಾರಿಗೆ ಹೋಗಿ ಹೇಳ್ಲಿ" ಎಂದು ಕಣ್ಣು ಮಿಟುಕಿಸಿದ್ದ. ಅವಳು ಅವನ ಕೈ ಹಿಡಿದುಕೊಂಡು ಕೂತಳೇ ಹೊರತು ಹೇಳಲಿಲ್ಲ. ಎಮಿಲ್‌ಗೆ ನಗು ಬಂದಿತ್ತು, ಅವಳಿಗೆ ಅಳು ಬಂದಿತ್ತು. ಮೂರು ಕಾಲಕ್ಕೂ ತಾನು ಮಾಡಿದ್ದು ಸರಿ ಎಂದೇ ಅವಳ ನಂಬಿಕೆ.

ಈಗ ಐವರಲ್ಲಿ ಒಂದು ಜಾಗ ಖಾಲಿ ಬಿದ್ದಿತ್ತು. ಮುದುಕ ಟ್ರೌಗಾಟ್ ಮೊಣಕಾಲು ನೋವೆಂದು ಬಿಟ್ಟುಕೊಟ್ಟಿದ್ದ. ಹೊಸಬರ ಹೆಸರು ಸೂಚಿಸುವುದು ಹಿರಿಯಳ ಹಕ್ಕು, ಒಪ್ಪುವುದು ಬಿಡುವುದು ಗ್ರಾಮಸಭೆಗೆ ಬಿಟ್ಟದ್ದು. ಟ್ರೌಗಾಟ್‌ನ ಮಗನನ್ನು ಕೇಳಿದರೆ "ಫೋನಲ್ಲೇ ನಕ್ಷೆ ಇದೆಯಲ್ಲ" ಎಂದ. ಹಲ್ಲಿನ ಡಾಕ್ಟರನ್ನು ಕೇಳಿದರೆ "ಭಾನುವಾರ ಭಾನುವಾರ ಗುಂಡಿ ತೋಡೋದಾ" ಎಂದು ತನ್ನ ಬಿಳಿ ಕೈಗಳನ್ನು ನೋಡಿಕೊಂಡ. ತಾನಾಗಿಯೇ ಕೇಳಿದವಳು ಒಬ್ಬಳೇ, ಲಿರಿಯೆ ಗಾಶಿ.

ಲಿರಿಯೆ ರಸ್ತೆಗೆ, ಅಂಗಳಕ್ಕೆ ಕಲ್ಲು ಹಾಸುವವಳು. ಸ್ವಂತದ್ದೊಂದು ಪುಟ್ಟ ಲಾರಿ, ಇಬ್ಬರು ಕೆಲಸದವರು. ಮೂರು ವರ್ಷದ ಕೂಸಾಗಿದ್ದಾಗ ಕೊಸೊವೊದಿಂದ ಅಪ್ಪನ ಹಿಂದೆ ಬಂದವಳು, ಬೆಳೆದದ್ದು ಓದಿದ್ದು ಎಲ್ಲ ಕ್ರೀಸ್‌ಮಾಟಿನಲ್ಲೇ. ಮಾರ್ಚ್ ತಿಂಗಳಲ್ಲಿ ಚರ್ಚಿನ ಮುಂದೆ ಮಂಡಿಯೂರಿ ಕಲ್ಲು ಕೂರಿಸುತ್ತಿದ್ದವಳು ಮಿರ್ತಾಳನ್ನು ಕಂಡು ಸುತ್ತಿಗೆ ಕೆಳಗಿಟ್ಟು, ಶ್ರೀಮತಿ ಎನ್ನುವ ಹಾಗೆ ಫ್ರೌ ಸೇರಿಸಿ ಕರೆದಳು.

"ಫ್ರೌ ಗೀಸಿನ್, ಆ ಖಾಲಿ ಜಾಗಕ್ಕೆ ನಾನಾಗಲ್ವಾ?"

"ಯಾವ ಜಾಗ?"

"ಪಂಚರದ್ದು. ಕಲ್ಲಂದ್ರೆ ನಂಗೇನು ಹೊಸದಾ?"

"ಕಲ್ಲು ಯಾರು ಬೇಕಾದ್ರೂ ಎತ್ತಾರೆ ಕಣಮ್ಮ. ಇದು ಬಾಯಿ ಮುಚ್ಕೊಂಡಿರೋ ಕೆಲಸ."

"ಅದೂ ಬರುತ್ತೆ."

"ನೋಡೋಣ" ಎಂದಳು ಮಿರ್ತಾ. ಕ್ರೀಸ್‌ಮಾಟಿನಲ್ಲಿ ನೋಡೋಣ ಎಂದರೆ ಆಗುವುದಿಲ್ಲ ಎಂದು ಅರ್ಥ. ಆ ಊರಲ್ಲಿ ಬೆಳೆದ ಲಿರಿಯೆಗೆ ಅದು ಗೊತ್ತಾಗದೆ ಇರಲಿಲ್ಲ. ಅವಳು ಮತ್ತೆ ಸುತ್ತಿಗೆ ಎತ್ತಿಕೊಂಡಳು.

ಯಾಕೆ ಆಗುವುದಿಲ್ಲ ಎಂದು ಮಿರ್ತಾ ತನ್ನನ್ನು ತಾನೇ ಕೇಳಿಕೊಂಡಳು, ಸಿಕ್ಕ ಉತ್ತರ ಅವಳಿಗೇ ಹಿಡಿಸಲಿಲ್ಲ. ಅವಳ ಅಪ್ಪನ ಚೆರ್ರಿ ತೋಟ ಇದ್ದಲ್ಲಿ ಈಗ ಎಂಟು ಮಹಡಿಯ ಮನೆಗಳಿವೆ. ಹಾಲಿನ ಕೇಂದ್ರ ಇದ್ದಲ್ಲಿ ಜಿಮ್ ಬಂದಿದೆ. ಕುಯ್ಲಿನ ಹಾಡು ಬರುವವರೆಲ್ಲ ಸ್ಮಶಾನ ಸೇರಿದ್ದಾರೆ. ಹಳೆಯ ಊರು ಅಂತ ಉಳಿದಿರುವುದು ಆ ಒಂದು ಗುಟ್ಟಷ್ಟೇ, ಅದನ್ನೂ ಎತ್ತಿ ಕೊಟ್ಟುಬಿಟ್ಟರೆ ನಮ್ಮದು ಎನ್ನಲು ಇನ್ನೇನಿದೆ? ಮನಸ್ಸು ಸಣ್ಣದಾಗಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು, ಆದರೂ ಅದು ಹಿಗ್ಗಲು ಒಪ್ಪುತ್ತಿರಲಿಲ್ಲ.

ಉಳಿದ ಪಂಚರಲ್ಲೂ ಒಮ್ಮತವಿರಲಿಲ್ಲ. ಉರ್ಸ್ ಷೌಬ್ ಲಿರಿಯೆಯ ಪರ. ಕಾಸ್ಪರ್ ಬೂಸರ್‌ಗೆ ತನ್ನ ಅಕ್ಕನ ಮಗ ಬರಲಿ ಎಂದಾಸೆ. ಫ್ರಿಡೊಲಿನ್ ಎಂಬ ನಾಲ್ಕನೆಯವನು ಯಾವ ವಿಷಯಕ್ಕೂ ಬಾಯಿ ಬಿಡುತ್ತಿರಲಿಲ್ಲ, ಪಂಚನಾಗಲು ಅದಕ್ಕಿಂತ ಹೆಚ್ಚಿನ ಯೋಗ್ಯತೆ ಬೇಡ ಎಂದು ಉರ್ಸ್ ಗೇಲಿ ಮಾಡುತ್ತಿದ್ದ.

"ನಿನ್ನ ಅಕ್ಕನ ಮಗನಿಗೆ ಸೋಮವಾರ ಗುಟ್ಟು ಹೇಳಿದ್ರೆ ಮಂಗಳವಾರ ಟ್ರಾಮಲ್ಲಿ ಕೇಳಿಸುತ್ತೆ" ಎಂದ ಉರ್ಸ್.

"ಅವನು ಈ ಊರ ಹುಡುಗ" ಎಂದ ಕಾಸ್ಪರ್.

"ಲಿರಿಯೆ ಯಾವ ಊರವಳು? ನಿನ್ನ ಮಗಳ ಜೊತೆ ಒಂದೇ ಬೆಂಚಲ್ಲಿ ಕೂತು ಓದಿದವಳು."

"ಓದೋದು ಬೇರೆ. ಇದು ಬೇರೆ."

ಇಬ್ಬರೂ ಮಿರ್ತಾಳ ಮುಖ ನೋಡಿದರು. ಗಡಿ ನಡಿಗೆಯ ಮರುದಿನ ಹೆಸರು ಕೊಡದಿದ್ದರೆ ಜೂನ್ ಸಭೆಗೆ ತಪ್ಪಿಹೋಗುತ್ತದೆ, ಜಾಗ ಇನ್ನೊಂದು ವರ್ಷ ಖಾಲಿ. ನಾಲ್ವರಲ್ಲಿ ಮೂವರು ಎಪ್ಪತ್ತು ದಾಟಿದವರು. ಮಿರ್ತಾ ಕೋಟು ಹಾಕಿಕೊಂಡು ಎದ್ದುಬಂದಳು.

ಗಡಿ ನಡಿಗೆ ಬಂತು. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಯೇಸು ಸ್ವರ್ಗಕ್ಕೇರಿದ ಹಬ್ಬದ ಗುರುವಾರ, ಇಡೀ ಊರು ತನ್ನ ಗಡಿಯುದ್ದಕ್ಕೂ ನಡೆದು ಕಲ್ಲುಗಳನ್ನು ನೋಡಿಕೊಂಡು ಬರುತ್ತದೆ. ಮುಂದೆ ಬಾವುಟ, ಹಿಂದೆ ಊದುವ ವಾದ್ಯದವರು, ಅವರ ಹಿಂದೆ ನಾಯಿ, ಮಕ್ಕಳು, ಕೂಸಿನ ತಳ್ಳುಗಾಡಿ, ಔಷಧ ಕಂಪನಿಯ ಹೊಸ ಮುಖಗಳು. ಮಿರ್ತಾ ಅರಣ್ಯದ ಏರು ಹತ್ತಿ ನಿಂತು ಹಿಂತಿರುಗಿ ನೋಡಿದಳು. ಸಾಲು ಹೊಲದ ತುದಿಯವರೆಗೆ ಹಬ್ಬಿತ್ತು. ಚಿಕ್ಕಂದಿನಲ್ಲಿ ಅವಳು ಅಪ್ಪನ ಕೈ ಹಿಡಿದು ನಡೆದಾಗ ಬಂದವರೆಲ್ಲ ಒಂದು ಹುಲ್ಲಿನ ಕೊಟ್ಟಿಗೆಯಲ್ಲಿ ಹಿಡಿಸುತ್ತಿದ್ದರು. ಎದೆ ಉಬ್ಬಿತು, ಉಬ್ಬಿದ್ದಕ್ಕೆ ಅವಳಿಗೇ ಆಶ್ಚರ್ಯವೂ ಆಯಿತು.

ಆ ವರ್ಷ ನಡಿಗೆಗೆ ಒಂದು ವಿಶೇಷವಿತ್ತು. ಪಕ್ಕದ ಹೋಲ್ಡೆನ್ ಊರಿನ ಗಡಿಯಲ್ಲಿ ಟ್ರಾಮಿನ ಹಳಿ ಮುಂದಕ್ಕೆ ಹಾಕುವಾಗ ಒಂದು ಹಳೆಯ ಕಲ್ಲನ್ನು ಕಿತ್ತು ಪಕ್ಕಕ್ಕಿಟ್ಟಿದ್ದರು. ಹಳಿಯ ಕೆಲಸ ಮುಗಿದಿತ್ತು, ಕಲ್ಲನ್ನು ಮತ್ತೆ ನೆಡಬೇಕಿತ್ತು. ಲಿರಿಯೆ ತನ್ನ ಲಾರಿಯಲ್ಲಿ ಕಲ್ಲನ್ನು ತಂದು, ಸರಪಳಿ ಬಿಚ್ಚಿ, ಗುಂಡಿಯ ಅಂಚಿಗೆ ಇಳಿಸಿಕೊಟ್ಟಳು. ಆಮೇಲೆ ಲಾರಿಯ ಆಚೆಗೆ ಹೋಗಿ ನಿಂತಳು.

ಸಾಕ್ಷಿ ಇಡುವಾಗ ಊರೆಲ್ಲ ಬೆನ್ನು ತಿರುಗಿಸಿ ನಿಲ್ಲಬೇಕು. ಉರ್ಸ್ ಕೂಗಿ ಹೇಳುತ್ತಾನೆ, ಆಮೇಲೆ ತಿರುಗುತ್ತಾರೆ. ಅಲ್ಲಿಯವರೆಗೆ ಒಂದೇ ಗಲಾಟೆ. ಹೊಸ ಮನೆಗಳ ಕಡೆಯವನೊಬ್ಬ ತಿರುಗಿ ನಿಂತ ಮೇಲೂ ಕಾಣಲೆಂದು ಫೋನನ್ನು ಹೆಗಲ ಮೇಲೆ ಹಿಂದುಮುಂದಾಗಿ ಹಿಡಿದು ನೋಡುತ್ತಿದ್ದ. ಉರ್ಸ್ ಅದನ್ನು ಕಿತ್ತು ಅವನ ಹೆಂಡತಿಯ ಕೈಗೆ ಕೊಟ್ಟ. ಹೋಲ್ಡೆನ್‌ನ ಪಂಚರು ತಮ್ಮ ಮಾಮೂಲಿ ಕೀಟಲೆ ಶುರುಮಾಡಿದ್ದರು. "ನಿಧಾನ ನೋಡ್ಕೊಂಡು ನೆಡಿ, ಕ್ರೀಸ್‌ಮಾಟಿನ ಕಲ್ಲುಗಳಿಗೆ ಕಾಲಿರುತ್ತೆ" ಎಂದ ಒಬ್ಬ. "ಇರುತ್ತೆ, ನಿಮ್ಮೂರು ನೋಡಿ ವಾಪಸ್ ಓಡಿಬರುತ್ತೆ" ಎಂದಳು ಮಿರ್ತಾ.

ಅಷ್ಟರಲ್ಲಿ ಫ್ರಿಡೊಲಿನ್ ಗುಂಡಿಯ ತಳ ಸಮ ಮಾಡಲು ಹಾರೆ ಹಾಕಿದ. ಉರ್ಸ್ ಇನ್ನೂ ಕೂಗಿರಲಿಲ್ಲ. ಮಿರ್ತಾ ತಲೆಯೆತ್ತಿದಾಗ, ಅಷ್ಟೊಂದು ಮುಖಗಳ ನಡುವೆ ಒಂದು ಬೆನ್ನು ಕಂಡಿತು. ಮುದುಕನೊಬ್ಬ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಗೋಧಿ ಹೊಲದ ಕಡೆ ಮುಖಮಾಡಿ ನೆಟ್ಟಗೆ ನಿಂತಿದ್ದ. ಪಕ್ಕದಲ್ಲಿ ಆಡುತ್ತಿದ್ದ ಇಬ್ಬರು ಮೊಮ್ಮಕ್ಕಳನ್ನೂ ಭುಜ ಹಿಡಿದು ಆಚೆ ತಿರುಗಿಸಿದ. ಅವನು ಲಿರಿಯೆಯ ಅಪ್ಪ, ಸದ್ರಿ ಗಾಶಿ. ಉರ್ಸ್ ಕೂಗಿದ, ಊರು ತಿರುಗಿತು, ಪಂಚರು ತಾಡಪಾಲಿನ ಮರೆ ಮಾಡಿ ಕೆಲಸ ಮುಗಿಸಿದರು. ಕಲ್ಲು ನಿಂತಿತು, ಮತ್ತೆ ಕೂಗಾಯಿತು, ಜನ ಚಪ್ಪಾಳೆ ಹೊಡೆಯುತ್ತ ಇತ್ತ ತಿರುಗಿದರು. ಸದ್ರಿ ಮಾತ್ರ ಸುತ್ತಲ ಮಣ್ಣನ್ನು ತುಳಿದು ಗಟ್ಟಿ ಮಾಡುವ ಸದ್ದು ನಿಲ್ಲುವವರೆಗೆ ತಿರುಗಲಿಲ್ಲ.

ಊಟಕ್ಕೆ ಕಾಡಿನ ಅಂಚಿನಲ್ಲಿ ಅಲ್ಲಲ್ಲಿ ಬೆಂಕಿ ಹಾಕಿದ್ದರು. ಎಲ್ಲರೂ ಕೋಲಿಗೆ ಸಾಸೇಜು ಚುಚ್ಚಿ ಸುಡುತ್ತಿದ್ದರು, ಬಿಳಿ ವೈನು ಕೈಯಿಂದ ಕೈಗೆ ಹೋಗುತ್ತಿತ್ತು. ಹಂದಿ ಮಾಂಸ ಮುಟ್ಟದ ಸದ್ರಿ ತನ್ನ ಮನೆಯಿಂದ ತಂದ ದನದ ಮಾಂಸದ ಸಾಸೇಜನ್ನು ಬೇರೆ ಬೆಂಕಿಯಲ್ಲಿ ಸುಡುತ್ತ ಕೂತಿದ್ದ. ಮಿರ್ತಾ ಒಂದು ದಿಮ್ಮಿ ಎಳೆದುಕೊಂಡು ಅವನ ಪಕ್ಕ ಕೂತಳು.

"ಉರ್ಸ್ ಕೂಗೋ ಮುಂಚೇನೇ ತಿರುಗಿದ್ರಲ್ಲ, ಹೆರ್ ಗಾಶಿ."

"ಹಾರೆ ಬಿತ್ತು, ತಿರುಗಿದೆ."

"ಯಾರು ಹೇಳಿಕೊಟ್ಟಿದ್ದು?"

"ನಮ್ಮಪ್ಪ." ಸದ್ರಿ ಕೋಲನ್ನು ಮಗ್ಗುಲು ತಿರುಗಿಸಿದ. "ನಮ್ಮ ಬೆಟ್ಟದಲ್ಲೂ ಗಡಿಕಲ್ಲಿನ ಬುಡದಲ್ಲಿ ಚಿಕ್ಕ ಕಲ್ಲು ಹೂಳ್ತಾರೆ. ಸಾಕ್ಷಿ ಅಂತಾನೇ ಕರೆಯೋದು. ಊರಿಗೊಬ್ಬರೋ ಇಬ್ಬರೋ ಅದನ್ನ ಬಲ್ಲೋರು. ನಮ್ಮಪ್ಪ ಬಲ್ಲೋರಾಗಿದ್ರು. ಆಮೇಲೆ ನಾನು."

ಮಿರ್ತಾಳಿಗೆ ಕೈಯಲ್ಲಿದ್ದ ಬ್ರೆಡ್ಡು ಮರೆತೇಹೋಯಿತು. ಮೂವತ್ತು ವರ್ಷದಿಂದ ಈ ಮನುಷ್ಯನನ್ನು ನೋಡುತ್ತಿದ್ದಳು. ಅವಳ ಅಪ್ಪನ ತೋಟದಲ್ಲಿ ಮನೆ ಎದ್ದಾಗ ಕಾಂಕ್ರೀಟು ಸುರಿದವರಲ್ಲಿ ಅವನೂ ಒಬ್ಬ, ಆಮೇಲೆ ಅದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಬಾಡಿಗೆಗೆ ಬಂದವನು. ನಮಸ್ಕಾರ, ಚಳಿ ಜಾಸ್ತಿ, ಇಷ್ಟೇ ಮಾತು ಅವರಿಬ್ಬರ ನಡುವೆ ಆಗಿದ್ದದ್ದು.

"ಯಾವ ಥರ ಇಡ್ತೀರಿ? ಎಷ್ಟು ಕಲ್ಲು?" ಎಂದು ಬಾಯಿ ತಪ್ಪಿ ಕೇಳಿಯೇಬಿಟ್ಟಳು.

ಸದ್ರಿ ಅವಳನ್ನು ನೋಡಿದ. ಸಿಟ್ಟೇನೂ ಇರಲಿಲ್ಲ ಆ ನೋಟದಲ್ಲಿ. "ನೀವು ಎಷ್ಟು ಇಡ್ತೀರಿ, ಫ್ರೌ ಗೀಸಿನ್?"

ಅವಳ ಕಿವಿ ಕೆಂಪಾಯಿತು. ಗಂಡ ಸಾಯುವಾಗಲೂ ಬಾಯಿ ಬಿಡದಿದ್ದವಳು, ಪಂಚರ ಹಿರಿಯಳು, ಕೇಳಬಾರದ್ದನ್ನು ಸಾಸೇಜು ಸುಡುತ್ತ ಕೇಳಿದ್ದಳು. ಭೂಮಿ ಬಾಯಿಬಿಡಬಾರದೇ ಎನಿಸಿತು.

"ತಪ್ಪಾಯ್ತು" ಎಂದಳು.

"ಇರಲಿ ಬಿಡಿ."

"ಆ ಊರಲ್ಲಿ ಈಗ ಯಾರಿದಾರೆ?"

"ಯಾರೂ ಇಲ್ಲ. ಯುದ್ಧದಲ್ಲಿ ಮನೆಗಳೆಲ್ಲ ಸುಟ್ಟೋದ್ವು. ಹೊಲ ಉಳೋರೂ ಇಲ್ಲ, ಮುಳ್ಳು ಬೆಳ್ದಿದೆ."

"ಹಂಗಾದ್ರೆ ಹೇಳಿದ್ರೆ ಯಾರಿಗೇನು ನಷ್ಟ? ಲಿರಿಯೆಗಾದ್ರೂ ಹೇಳಿದೀರೇನೋ ಅಂದ್ಕೊಂಡೆ."

"ಅವಳು ಯಾವಾಗ ಪ್ರಮಾಣ ಮಾಡಿದಾಳೆ?" ಎಂದ ಸದ್ರಿ. ಹೊಲ ಹಾಳುಬಿದ್ದರೇನು, ಮಾತು ಹಾಳುಬಿದ್ದಿಲ್ಲವಲ್ಲ ಎನ್ನುವ ಹಾಗಿತ್ತು ಅವನ ದನಿ.

ಅಷ್ಟರಲ್ಲಿ ಲಿರಿಯೆ ಮಣ್ಣುಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಬಂದಳು. ಅಪ್ಪನೂ ಫ್ರೌ ಗೀಸಿನ್ನೂ ಒಂದೇ ಬೆಂಕಿಯ ಮುಂದೆ ಕೂತಿರುವುದನ್ನು ಕಂಡು ಅವಳ ಹುಬ್ಬು ಮೇಲೇರಿತು. "ಏನಪ್ಪಾ, ಏನು ಮಾತು?"

"ಸಾಸೇಜು ಬೆಂತಾ ಅಂತ ಕೇಳ್ತಿದ್ರು" ಎಂದ ಸದ್ರಿ, ಒಂದನ್ನು ಮುರಿದು ಮಿರ್ತಾಳ ಬ್ರೆಡ್ಡಿನ ಮೇಲಿಟ್ಟ. ಅವಳು ತಿಂದಳು. ಖಾರವಿತ್ತು, ಕಣ್ಣಲ್ಲಿ ನೀರು ಬಂತು, ಖಾರಕ್ಕೆ ಎಂದು ಯಾರಾದರೂ ತಿಳಿದುಕೊಳ್ಳಲಿ ಎಂದು ಅವಳು ಒರೆಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಗ್ರಾಮ ಕಚೇರಿಗೆ ಹೋಗಿ ಲಿರಿಯೆಯ ಹೆಸರು ಕೊಟ್ಟಳು. ಸುದ್ದಿ ಕೇಳಿದ ಕಾಸ್ಪರ್ ಸಭೆಯಲ್ಲಿ ಎದ್ದು ವಿರೋಧಿಸುತ್ತೇನೆ ಎಂದ. "ವಿರೋಧಿಸು, ಅದಕ್ಕೇ ತಾನೆ ಸಭೆ ಇರೋದು" ಎಂದಳು ಮಿರ್ತಾ. ಆದರೆ ಗ್ರಾಮಸಭೆಗೆ ಯಾವಾಗಲೂ ಬರುವವರು ಹಳಬರೇ, ಕಾಸ್ಪರ್ ಬೂಸರ್‌ನ ಮಾತಿಗೆ ಅಲ್ಲಿ ತೂಕವಿತ್ತು. ಸಭೆ ಬೇಡವೆಂದರೆ ಆ ಹುಡುಗಿಗೆ ಊರ ಮುಂದೆ ಅವಮಾನ, ಮುಂದೆ ಯಾವ ಹೊಸಬನೂ ಪಂಚರ ಮನೆಯ ಬಾಗಿಲು ತಟ್ಟುವುದಿಲ್ಲ.

ಜೂನ್ ಸಭೆಗೆ ಶಾಲೆಯ ದೊಡ್ಡ ಕೋಣೆ ತುಂಬಿತ್ತು. ಮತವಿಲ್ಲದವರಿಗೆ ಗೋಡೆಯ ಪಕ್ಕ ಬೇರೆ ಬೆಂಚು. ಅವರು ಕೇಳಬಹುದು, ಮಾತಾಡುವಂತಿಲ್ಲ, ಕೈಯೆತ್ತುವಂತಿಲ್ಲ. ಲಿರಿಯೆಗೆ ಪೌರತ್ವ ಸಿಕ್ಕಿ ವರ್ಷಗಳಾಗಿದ್ದವು, ಸದ್ರಿ ಅದಕ್ಕೆ ಅರ್ಜಿ ಹಾಕಿದವನೇ ಅಲ್ಲ. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆ ಬೆಂಚಿನಲ್ಲಿ ಕೂತಿದ್ದ. ಮರೆತು ಎಲ್ಲಿ ಕೈ ಮೇಲೆ ಹೋಗಿಬಿಡುತ್ತದೋ ಎಂದು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದ.

ಕಾಸ್ಪರ್ ಎದ್ದುನಿಂತ. "ಹುಡುಗಿ ಒಳ್ಳೆಯವಳು. ನಮ್ಮನೆ ಅಂಗಳಕ್ಕೂ ಅವಳೇ ಕಲ್ಲು ಹಾಸಿದ್ದು, ಒಂದೂ ಅಲ್ಲಾಡಿಲ್ಲ. ನಾನು ಹೇಳ್ತಿರೋದು ಅದಲ್ಲ. ಈ ಗುಟ್ಟು ನಮ್ಮಜ್ಜಂದಿರ ಕಾಲದಿಂದ ಕೆಲವೇ ಮನೆಗಳಲ್ಲಿ ಉಳ್ಕೊಂಡು ಬಂದಿರೋದು. ಆ ಮನೆಗಳು ಯಾವುವು ಅಂತ ನಮಗೆ ಗೊತ್ತು. ಇವಳ ಮನೆ ಎಂಥದು ಅಂತ ನಮಗೇನು ಗೊತ್ತು? ಗುಟ್ಟು ಉಳಿಯುತ್ತೆ ಅನ್ನೋದಕ್ಕೆ ಯಾರು ಜಾಮೀನು?"

ಕೋಣೆಯಲ್ಲಿ ಹೌದು ಹೌದು ಎಂಬ ಗುಜುಗುಜು ಎದ್ದಿತು. ಲಿರಿಯೆ ಕಾಲ ಬುಡ ನೋಡುತ್ತಿದ್ದಳು.

"ನಾನು ಜಾಮೀನು" ಎಂದಳು ಮಿರ್ತಾ. ಮೈಕು ಕೊಡಲು ಬಂದವನನ್ನು ಕೈಸನ್ನೆಯಲ್ಲೇ ಹಿಂದಕ್ಕೆ ಕಳಿಸಿದಳು. "ಗಡಿ ನಡಿಗೆ ದಿನ ಆ ಮನೆಯ ಹಿರಿಯರ ಹತ್ರ ನಾನು ಕೇಳಬಾರದ ಮಾತೊಂದು ಕೇಳಿದೆ. ಅವರೂ ಅವರ ಊರಲ್ಲಿ ಪಂಚರಾಗಿದ್ದೋರು. ಆ ಊರು ಸುಟ್ಟು ಬೂದಿಯಾಗಿದೆ. ಹೇಳಿದ್ರೆ ಕೇಳೋರೂ ಇಲ್ಲ, ಬೈಯೋರೂ ಇಲ್ಲ. ಆದ್ರೂ ಹೇಳಲಿಲ್ಲ. ಮಗಳಿಗೂ ಹೇಳಿಲ್ಲ. ಕಾಸ್ಪರ್, ನಿನ್ನ ಆಣೆಗೂ ಹೇಳ್ತೀನಿ, ನಮ್ಮ ಪಂಚರಲ್ಲಿ ಯಾರಿಗೂ ಅಂಥ ಪರೀಕ್ಷೆ ಬಂದಿಲ್ಲ. ನಮ್ಮಪ್ಪನ ತೋಟ ಕಡಿದಾಗ ಈ ಊರು ಮುಗೀತು ಅಂತ ನಾನು ಅತ್ತಿದ್ದೆ. ಅದೇ ಜಾಗದಲ್ಲಿ, ನಾಲ್ಕನೇ ಮಹಡೀಲಿ, ನಮಗಿಂತ ಗಟ್ಟಿ ಪಂಚರೊಬ್ಬರು ಮೂವತ್ತು ವರ್ಷದಿಂದ ಕೂತಿದಾರೆ. ನಂಗೆ ಮೊದಲು ನಾಚಿಕೆ ಆಯ್ತು. ಆಮೇಲೆ ಹೆಮ್ಮೆ ಆಯ್ತು. ಇಂಥೋರು ಬಂದು ಸೇರ್ಕೊಳ್ಳೋ ಊರು ನಂದು ಅಂತ."

ಲಿರಿಯೆ ತಟ್ಟನೆ ತಲೆಯೆತ್ತಿ ಗೋಡೆಯ ಪಕ್ಕದ ಬೆಂಚನ್ನು ನೋಡಿದಳು. ಅಪ್ಪ ಪಂಚನಾಗಿದ್ದ ಎಂಬ ಸಂಗತಿ ಅವಳಿಗೆ ಆಗಲೇ ತಿಳಿದದ್ದು. ಸದ್ರಿ ಕಿಟಕಿಯಾಚೆ ಏನೋ ಕಂಡವನಂತೆ ಅತ್ತ ಮುಖ ಮಾಡಿಕೊಂಡ.

"ನೀನು ಕೇಳಿದ್ದೇನು ಮತ್ತೆ?" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

"ಅದನ್ನ ಹೇಳೋಕಾಗಲ್ಲ" ಎಂದಳು ಮಿರ್ತಾ. ಕೋಣೆಯೆಲ್ಲ ನಕ್ಕಿತು, ಆ ನಗುವಿನಲ್ಲೇ ಅಧ್ಯಕ್ಷರು ಮತಕ್ಕೆ ಹಾಕಿದರು.

ಕೈಗಳು ಎದ್ದವು. ಮುಂದಿನ ಸಾಲಿನ ಅಜ್ಜಿಯರು ಎತ್ತಿದರು, ವಾದ್ಯದವರು ಎತ್ತಿದರು, ಟ್ರೌಗಾಟ್ ತನ್ನ ಊರುಗೋಲನ್ನೇ ಎತ್ತಿದ. ಎಣಿಸುವವರು ಸ್ವಲ್ಪ ಹೊತ್ತಿನಲ್ಲೇ ಎಣಿಸುವುದು ಬಿಟ್ಟು ವಿರೋಧದವರನ್ನಷ್ಟೇ ಎಣಿಸಿದರು. ಕಾಸ್ಪರ್ ಪರವಾಗಿ ಕೈಯೆತ್ತಲಿಲ್ಲ. ಸಭೆ ಮುಗಿದ ಮೇಲೆ ಲಿರಿಯೆಯ ಮುಂದೆ ಬಂದು ನಿಂತ.

"ನಾನು ನಿನ್ನ ಪರ ಕೈಯೆತ್ತಲಿಲ್ಲ."

"ನೋಡ್ದೆ."

"ಭಾನುವಾರ ಹಾರೆ ನಾನೇ ತರ್ತೀನಿ. ನೀನು ಹೊತ್ಕೊಂಡು ಬರಬೇಡ" ಎಂದು ಹೇಳಿ ಟೋಪಿ ಹಾಕಿಕೊಂಡು ಹೋದ.

ಭಾನುವಾರ ಬೆಳಿಗ್ಗೆ ಐವರೂ ಹೋಲ್ಡೆನ್ ಗಡಿಯ ಆ ಕಲ್ಲಿನ ಬಳಿ ಸೇರಿದರು. ಟ್ರಾಮೊಂದು ಗಂಟೆ ಬಾರಿಸಿಕೊಂಡು ಹಾದುಹೋಯಿತು, ಒಳಗಿದ್ದವರು ಇವರೇನು ಮಾಡುತ್ತಿದ್ದಾರೆಂದು ಕತ್ತು ಹೊರಳಿಸಿ ನೋಡಿದರು. ಲಿರಿಯೆ ತನ್ನ ಒರಟು ಕೈಯನ್ನು ಕಲ್ಲಿನ ನೆತ್ತಿಯ ಮೇಲಿಟ್ಟು ಪ್ರಮಾಣ ಮಾಡಿದಳು. ಆಮೇಲೆ ಮಿರ್ತಾ ಅವಳನ್ನು ನಾಲ್ಕು ಹೆಜ್ಜೆ ಆಚೆ ಕರೆದುಕೊಂಡು ಹೋಗಿ, ಕಿವಿಗೆ ಬಾಯಿಟ್ಟು, ತನಗೆ ಹೇಳಿದ್ದ ಹಾಗೆಯೇ, ಒಂದು ಮಾತು ಹೆಚ್ಚಿಲ್ಲ ಒಂದು ಮಾತು ಕಡಿಮೆಯಿಲ್ಲ, ಹೇಳಿದಳು. ಬಹಳ ಹೊತ್ತೇನೂ ಹಿಡಿಯಲಿಲ್ಲ. ಇಷ್ಟು ವರ್ಷ ಎದೆಯಲ್ಲಿ ಅಷ್ಟು ಭಾರವಾಗಿದ್ದದ್ದು ಹೇಳಲು ಹೊರಟರೆ ಇಷ್ಟೇ ಚಿಕ್ಕದೇ ಎಂದು ಅವಳಿಗೇ ಅನಿಸಿತು.

"ನೆನಪಿರುತ್ತೆ ತಾನೆ?" ಎಂದು ಕೇಳಿದಳು.

"ಯಾವುದು?" ಎಂದಳು ಲಿರಿಯೆ.

"ಈಗ ಹೇಳಿದ್ದು."

"ನೀವು ಏನೂ ಹೇಳಲೇ ಇಲ್ಲವಲ್ಲ, ಫ್ರೌ ಗೀಸಿನ್."

ಮಿರ್ತಾ ಅವಳ ಮುಖವನ್ನೇ ನೋಡಿದಳು. ಅಪ್ಪನ ಕಣ್ಣು, ಕ್ರೀಸ್‌ಮಾಟಿನ ತುಂಟತನ.

"ಪಂಚರು ಪಂಚರನ್ನ ಫ್ರೌ ಹೆರ್ ಅಂತ ಕರೆಯೋದಿಲ್ಲ" ಎಂದಳು. "ನಮ್ಮಲ್ಲಿ ನೀವು ಅನ್ನೋದೂ ಇಲ್ಲ. ಮಿರ್ತಾ ಅನ್ನು."

ಲಿರಿಯೆ ಬೆನ್ನು ನೆಟ್ಟಗೆ ಮಾಡಿಕೊಂಡಳು.

"ನೀನು ಏನೂ ಹೇಳಲಿಲ್ಲ, ಮಿರ್ತಾ."